ಮೌನೇಶನ ರಕ್ತದ ರಿಪೋರ್ಟು

"ನನ್ನ ರಿಪೋರ್ಟ್ ಯಾರೋ ಬದಲಿ ಮಾಡ್ಯಾರ್ರಿ ಮೇಡಂ," ಎಂದ ಮೌನೇಶ, ಕುರ್ಚಿಯಲ್ಲಿ ಕೂರುವ ಮುಂಚೆಯೇ.

2003ರ ಜೂನ್ ತಿಂಗಳು. ಸರಸ್ವತಿಯವರ ಮನೆ ಜಯನಗರದಿಂದ ತಿಲಕ್ ನಗರಕ್ಕೆ ಇಳಿಯುವ ರಸ್ತೆಯಲ್ಲಿತ್ತು. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದು ನಿವೃತ್ತರಾದವರು ಅವರು. ಕಾಗದ ನೋಡಿಯೇ ಸುಳ್ಳು ಹಿಡಿಯುತ್ತಾರೆಂದು ಹೆಸರಾಗಿ, ವಕೀಲರು, ಒಮ್ಮೊಮ್ಮೆ ಪೊಲೀಸರೂ ಅವರ ಬಾಗಿಲಿಗೆ ಬರುತ್ತಿದ್ದರು. ಎದುರು ಮನೆಯ ಬದರಿನಾಥ, ಅಂಚೆ ಇಲಾಖೆಯಿಂದ ನಿವೃತ್ತನಾದವನು, ಪ್ರತಿ ಕೇಸಿಗೂ ಅವರ ಬೆನ್ನಿಗಿರುತ್ತಿದ್ದ. ಅವನಿಗೆ ಪತ್ತೇದಾರಿಕೆ ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಬರುತ್ತಿತ್ತು.

ಮೌನೇಶನಿಗೆ ಇಪ್ಪತ್ತೊಂಬತ್ತು. ಕೊಪ್ಪಳದ ಕಡೆಯವನು, ಬಿಟಿಎಂನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಕೊರಿಯರ್ ಆಫೀಸಿನಲ್ಲಿ ದುಡಿಯುತ್ತಿದ್ದ. ರಕ್ತದ ಕ್ಯಾನ್ಸರ್. ಇನ್ನೂ ಮೊದಲ ಹಂತ, ಹೊಸದಾಗಿ ಬಂದ ಮಾತ್ರೆಯನ್ನು ದಿನಾ ನುಂಗಿದರೆ ವರ್ಷಗಟ್ಟಲೆ ಬದುಕಬಹುದು ಎಂದಿದ್ದರು ಡಾಕ್ಟರು. ಮಾತ್ರೆಗೆ ತಿಂಗಳಿಗೆ ಲಕ್ಷಕ್ಕೂ ಮೇಲೆ. ಜಯನಗರದ ಆಸರೆ ನಿಧಿ ಎಂಬ ಟ್ರಸ್ಟು ವರ್ಷಕ್ಕೊಬ್ಬ ಹೊಸ ರೋಗಿಗೆ ಆ ಖರ್ಚು ಕೊಡುತ್ತಿತ್ತು. ಮೌನೇಶನ ಅರ್ಜಿ ತಿರಸ್ಕೃತವಾಗಿತ್ತು. ಕಾಯಿಲೆ ಕೊನೆಯ ಹಂತದಲ್ಲಿದೆ, ಔಷಧದಿಂದ ಆಗುವ ಪ್ರಯೋಜನ ವೆಚ್ಚಕ್ಕೆ ತಕ್ಕಷ್ಟಿಲ್ಲ ಎಂದು ಪತ್ರದಲ್ಲಿತ್ತು.

"ನಮ್ಮ ಡಾಕ್ಟರ್ ನೋಡಿ, ನಾ ಕೊಟ್ಟ ರಿಪೋರ್ಟಿನಾಗ ಹಿಂಗ ಇಲ್ಲಲ್ಲೋ ಅಂದ್ರು. ನಾ ತಕರಾರ್ ಕೊಟ್ಟೆ. ಶುಕ್ರವಾರ ಮತ್ತ ಮೀಟಿಂಗ್ ಐತ್ರಿ. ಬದಲಿ ಮಾಡಿದ್ದು ಆಫೀಸಿನವ್ರು ಅಂತಾದ್ರ ಗುಳಿಗಿ ನನಗ ಸಿಗತೈತಿ."

ಬಾಗಿಲ ಬಳಿ ಕೂತಿದ್ದ ಅವನ ಹೆಂಡತಿ ತಂಗೆವ್ವ ಆಗ ಒಂದೇ ಒಂದು ಮಾತು ಕೇಳಿದಳು. "ಭಾಳ ಜಡ್ಡ ಇದ್ದವರಿಗೆ ಅಲ್ಲೇನ್ರಿ ಮೊದಲ ಕೊಡೂದು? ಇವರು ಉಲ್ಟಾ ಯಾಕ ಬರದಾರ?"

"ಅದನ್ನೇ ಕೇಳ್ಕೊಂಡು ಬರ್ತೀನಮ್ಮ," ಎಂದರು ಸರಸ್ವತಿ.

ಮಂಗಳವಾರ ಬದರಿನಾಥನ ಜೊತೆ ಆಸರೆ ನಿಧಿಯ ಆಫೀಸಿಗೆ ಹೋದರು. ಟ್ರಸ್ಟಿನ ಮುಖ್ಯಸ್ಥ ಡಾಕ್ಟರ್ ಸುಶ್ರುತ ಕೆಟ್ಟವನೇನಲ್ಲ. ಬದರಿನಾಥನಿಗೆ ಅದೇ ಸಿಟ್ಟು ತರಿಸಿತು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಈ ಮಾತ್ರೆ ಒಬ್ಬರಿಗೆ ಕೊಡೋ ದುಡ್ಡಲ್ಲಿ ಹತ್ತು ಜನಕ್ಕೆ ವರ್ಷ ಪೂರ್ತಿ ಡಯಾಲಿಸಿಸ್ ಮಾಡಿಸ್ಬಹುದು," ಎಂದ ಸುಶ್ರುತ. "ಅದನ್ನ ಬಿಟ್ಟು ಇದಕ್ಕೆ ಕೊಡ್ಬೇಕಾದ್ರೆ ಲೆಕ್ಕ ಬೇಕಲ್ವಾ ಮೇಡಂ? ಎಷ್ಟು ಖರ್ಚಿಗೆ ಎಷ್ಟು ವರ್ಷದ ಆಯಸ್ಸು ಸಿಗತ್ತೆ ಅಂತ ಅಂಕ ಹಾಕ್ತೀವಿ. ಮೊದಲ ಹಂತದವರಿಗೆ ವರ್ಷಗಳು. ಕೊನೇ ಹಂತದವರಿಗೆ ಮೂರ್ನಾಲ್ಕು ತಿಂಗಳು, ಅಷ್ಟೇ."

"ಅಂಕ ಹೆಂಗೆ ಹಾಕ್ತೀರ ಅಂತ ಅರ್ಜಿ ಹಾಕೋರಿಗೆ ಗೊತ್ತಾ?" ಎಂದು ಕೇಳಿದರು ಸರಸ್ವತಿ.

"ಇಲ್ಲ. ಗೊತ್ತಾದ್ರೆ ಅದಕ್ಕೆ ತಕ್ಕ ಹಾಗೆ ರಿಪೋರ್ಟ್ ಮಾಡಿಸ್ಕೊಂಡು ಬರ್ತಾರೆ."

ಫೈಲಿನ ಬೀರುವಿನ ಕೀಲಿ ಇದ್ದದ್ದು ಇಬ್ಬರ ಹತ್ತಿರ: ಸುಶ್ರುತ, ಮತ್ತು ಗುಮಾಸ್ತೆ ಜಯಶೀಲಾ. ಲಂಚ ತಿಂದು ರಿಪೋರ್ಟು ಬದಲಿಸಿದಳೆಂದು ಜಯಶೀಲಾಳನ್ನು ಆಗಲೇ ಕೆಲಸದಿಂದ ನಿಲ್ಲಿಸಿದ್ದರು. ಸರಸ್ವತಿ ಹೇಳಿಕಳಿಸಿದ್ದಕ್ಕೆ ಬಂದಿದ್ದಳು, ಕಣ್ಣು ಊದಿತ್ತು.

"ಅರ್ಜಿ ಬಂದಾಗ ಏನು ಮಾಡ್ತೀಯಮ್ಮ?"

"ರಿಜಿಸ್ಟರಲ್ಲಿ ತಂದವರ ಸಹಿ ತಗೋತೀನಿ ಮೇಡಂ. ಆಮೇಲೆ ಅರ್ಜೀನ ಸ್ವಲ್ಪ ಪಕ್ಕಕ್ಕೆ ಜಾರಿಸಿ, ಸೀಲು ಅರ್ಧ ಅದರ ಮೇಲೆ, ಅರ್ಧ ಕೆಳಗಿರೋ ರಿಪೋರ್ಟ್ ಮೇಲೆ ಬೀಳೋ ಹಾಗೆ ಒತ್ತುತೀನಿ. ಅವರ ಕಣ್ಣೆದುರಿಗೇ. ಹದಿನಾರು ವರ್ಷದಿಂದ ಹಾಗೇ."

ಸರಸ್ವತಿ ಫೈಲು ಬಿಚ್ಚಿ ಎರಡು ಹಾಳೆಗಳನ್ನು ಜೋಡಿಸಿ ನೋಡಿದರು. ನೇರಳೆ ಸೀಲಿನ ಎರಡು ಅರ್ಧಗಳೂ ಸರಿಯಾಗಿ ಕೂಡಿದವು. ರಿಪೋರ್ಟು ಝೆರಾಕ್ಸ್ ಪ್ರತಿ. ಮೇಲೆ ಮೌನೇಶನ ಹೆಸರು, ಅದರ ಕೆಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ.

"ಹಿಮೋಗ್ಲೋಬಿನ್ ಸಾಲು ಓದಿ," ಎಂದರು ಬದರಿನಾಥನಿಗೆ.

"ಒಂಬತ್ತು ಪಾಯಿಂಟ್ ಎರಡು. ಪಕ್ಕದಲ್ಲಿ, ಇರಬೇಕಾದ್ದು ಹನ್ನೆರಡರಿಂದ ಹದಿನೈದು ಅಂತ ಅಚ್ಚಾಗಿದೆ."

"ಹೋದ ವರ್ಷ ನೀವೂ ಇದೇ ಲ್ಯಾಬಲ್ಲಿ ರಕ್ತ ಕೊಟ್ಟಿದ್ರಲ್ಲ. ಆ ಕಾಗದ ಮನೇಲಿದ್ರೆ ಶುಕ್ರವಾರ ತನ್ನಿ."

ದಾರಿಯುದ್ದಕ್ಕೂ ಬದರಿನಾಥ ಕುದಿಯುತ್ತಿದ್ದ. "ಡಾಕ್ಟರೇ ಮಾಡಿದ್ದು. ದುಡ್ಡು ಉಳಿಸೋಕೆ. ನನ್ನ ಕೇಳಿ." ಸರಸ್ವತಿ ಕೇಳಲಿಲ್ಲ. ಅವರ ಮುಖ ಸಣ್ಣದಾಗಿತ್ತು. ಕೇಸು ಬಿಡಿಸಿದ ದಿನ ಅವರು ಹಾಗಿರುತ್ತಿರಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಟ್ರಸ್ಟಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೌನೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕೆಲಸದ ಸಂದರ್ಶನಕ್ಕೆ ಬಂದವನ ಹಾಗಿದ್ದ.

"ಮೊದಲು ಸೀಲು," ಎಂದು ಶುರು ಮಾಡಿದರು ಸರಸ್ವತಿ. "ಅರ್ಜಿ ಬಂದ ದಿನವೇ ಒತ್ತಿದ ಒಂದೇ ಸೀಲು ಎರಡೂ ಹಾಳೆ ಮೇಲಿದೆ, ಕೂದಲಷ್ಟೂ ಆಚೀಚೆ ಇಲ್ಲ. ಆಮೇಲೆ ಬೀರುವಿಂದ ತೆಗೆದು ಬದಲಿಸಿದ್ರೆ ಅರ್ಧ ಸೀಲು ಹೋಗ್ಬೇಕಿತ್ತು. ಹಾಗಾಗಿ ಜಯಶೀಲಾ ಮಾಡಿಲ್ಲ, ಡಾಕ್ಟರೂ ಮಾಡಿಲ್ಲ. ಈ ರಿಪೋರ್ಟು ಆಫೀಸಿಗೆ ಬಂದಾಗಲೇ ಹೀಗಿತ್ತು."

ಬದರಿನಾಥನ ಹಳೆಯ ಕಾಗದವನ್ನು ಅವರು ಮೇಜಿನ ಮೇಲಿಟ್ಟರು. "ಇವರದ್ರಲ್ಲಿ ಇರಬೇಕಾದ್ದು ಹದಿಮೂರರಿಂದ ಹದಿನೇಳು. ಆ ಲ್ಯಾಬು ಗಂಡಸರಿಗೆ ಹಾಗೆ ಅಚ್ಚು ಹಾಕುತ್ತೆ. ಹೆಂಗಸರಿಗೆ ಹನ್ನೆರಡರಿಂದ ಹದಿನೈದು. ಮೌನೇಶನ ಫೈಲಲ್ಲಿರೋದು ಒಬ್ಬ ಹೆಂಗಸಿನ ರಿಪೋರ್ಟು. ಅದರ ಮೇಲೆ ಇವನ ಹೆಸರಿನ ಚೂರು ಅಂಟಿಸಿ ಝೆರಾಕ್ಸ್ ತೆಗೆಸಿದ್ದಾರೆ. ಅಂಟಿಸಿದ ಅಂಚು ಗೆರೆಯಾಗಿ ಬಿದ್ದಿದೆ." ರಿಜಿಸ್ಟರನ್ನು ಗುಮಾಸ್ತೆಯ ಕಡೆ ಸರಿಸಿದರು. "ಅರ್ಜಿ ತಂದ ದಿನ ರಿಜಿಸ್ಟರಿಗೆ ಸಹಿ ಮಾಡಿದ್ಯಾರು, ಜಯಶೀಲಾ?"

ಜಯಶೀಲಾ ಪುಟ ತಿರುವಿದಳು, ಓದಲಿಲ್ಲ. ಓದುವ ಅಗತ್ಯವಿರಲಿಲ್ಲ. ಮೌನೇಶ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ್ದ.

"ನನಗ ಅವತ್ತು ಡ್ಯೂಟಿ ಇತ್ತು," ಎಂದ, ಯಾರಿಗೂ ಅಲ್ಲದೆ.

"ಯಲ್ಲಮ್ಮಕ್ಕಂದ್ರಿ ಅದು," ಎಂದಳು ತಂಗೆವ್ವ. "ಆಸ್ಪತ್ರ್ಯಾಗ ನಮ್ಮ ಬಾಜೂಕ ಕೂಡ್ತಿದ್ಲು. ಇದ ಜಡ್ಡು. ಭಾಳ ಸೀರಿಯಸ್ ಅಂತ ಬರಸಿದ್ದಕ್ಕ ಆಕಿಗೆ ಬ್ಯಾರೆ ಕಡಿಂದ ಎಂಟ ದಿನದಾಗ ರೊಕ್ಕ ಬಂತು. ಇವರದು ಸ್ವಲ್ಪ ಐತಿ ಅಂತ ಬರದ್ರ ಯಾರ ಕೊಡ್ತಾರ್ರಿ? ರೇಷನ್ ಕಾರ್ಡ್ ಮಾಡಸೂ ಮುಂದನೂ ಇದ್ದದ್ದು ಮುಚ್ಚೇ ಇಡಬೇಕ. ಆಕಿ ಸತ್ತ ಮ್ಯಾಲೆ ಆಕಿ ಮಗಳ ಕಡೆ ರಿಪೋರ್ಟ್ ಇಸಗೊಂಡೆ."

ಬದರಿನಾಥ ತಲೆ ಎತ್ತಲಿಲ್ಲ. ಅವನ ತಂಗಿಗೆ ವಿಧವಾ ವೇತನ ಮಾಡಿಸುವಾಗ, ಹರಿದ ಸೀರೆ ಉಟ್ಟು ಬಾ ಎಂದು ಹೇಳಿದವನು ಅವನೇ.

"ಅಸಲು ರಿಪೋರ್ಟ್ ಇವನ ಹತ್ರ ಇದೆ," ಎಂದರು ಸರಸ್ವತಿ. "ಅದನ್ನ ನೋಡಿ ತೀರ್ಮಾನ ಮಾಡಿ ಡಾಕ್ಟ್ರೇ."

"ಆಗಲ್ಲ ಮೇಡಂ. ಸುಳ್ಳು ಕಾಗದ ಕೊಟ್ಟವರ ಅರ್ಜಿ ಮತ್ತೆ ತಗೊಳ್ಳೋ ಹಾಗಿಲ್ಲ. ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ತರ್ತಾರೆ. ಪಟ್ಟೀಲಿ ಈಗ ಮೊದಲಿರೋರೂ ಕಾಯ್ತಿದ್ದಾರೆ, ಅವರಿಗೂ ಮಕ್ಕಳಿದ್ದಾರೆ."

ತಂಗೆವ್ವ ಎದ್ದು ಮೇಜಿನ ಹತ್ತಿರ ಬಂದಳು. "ಖರೇ ರಿಪೋರ್ಟ್ ಕೊಟ್ಟಿದ್ರ ಏನ್ ಆಗತಿತ್ತ್ರಿ ಸಾಹೇಬ್ರ?"

ಸುಶ್ರುತ ಸುಳ್ಳು ಹೇಳಬಹುದಿತ್ತು. ಹೇಳಲಿ ದೇವರೇ ಎಂದು ಬದರಿನಾಥ ಮನಸ್ಸಿನಲ್ಲೇ ಬೇಡಿಕೊಂಡ. ಆದರೆ ಆ ಮನುಷ್ಯ ಮೌನೇಶನ ಕೈಯಿಂದ ಅಸಲು ಹಾಳೆ ಇಸಿದುಕೊಂಡು, ತನ್ನ ಪಟ್ಟಿಗೆ ಹಿಡಿದು, ಪೆನ್ಸಿಲ್ಲಿನಲ್ಲಿ ಕೂಡಿಸಿ, ಕನ್ನಡಕ ತೆಗೆದ.

"ಮೊದಲನೇ ಹೆಸರು ಇವರದೇ ಆಗಿರ್ತಿತ್ತು."

"ಜಡ್ಡ ಕಡಿಮಿ ಇದ್ದವರಿಗೆ ಕೊಡ್ತೀವಿ ಅಂತ ಒಂದ ಮಾತ ಯಾರರ ಹೇಳಬಾರದಾಗಿತ್ತೇನ್ರಿ?"

ನಿರ್ದೋಷಿಯೆಂದು ಸಾಬೀತಾದ ಜಯಶೀಲಾ ರಿಜಿಸ್ಟರು ಮುಚ್ಚಿ ಅಳುತ್ತಿದ್ದಳು. ಹೇಳಿಕೆ ಬರೆಸಿಕೊಳ್ಳಬೇಕೆಂದು ಸುಶ್ರುತ ಹಾಳೆ ಮುಂದೆ ಮಾಡಿದಾಗ ಮೌನೇಶ ಹೆಂಡತಿಯನ್ನು ಹಿಂದಕ್ಕೆ ಸರಿಸಿದ. "ನಾ ಹೇಳಿ ಮಾಡಸಿದ್ದು ಅಂತ ಬರಕೊಳ್ರಿ," ಎಂದು ಸಹಿ ಹಾಕಿದ.

ಮೆಟ್ಟಿಲಿಳಿಯುತ್ತ ಬದರಿನಾಥನಿಗೆ ತಡೆಯಲಾಗಲಿಲ್ಲ. "ನೀವು ಸುಮ್ಮನಿದ್ದಿದ್ರೆ ಆ ಹುಡುಗನಿಗೆ ಮಾತ್ರೆ ಸಿಗ್ತಿತ್ತು ಸರಸ್ವತಿಯವರೇ."

"ಸಿಗ್ತಿತ್ತು. ಜಯಶೀಲಾ ಕಳ್ಳಿ ಆಗ್ತಿದ್ಲು." ಅವರು ಕಂಬಿ ಹಿಡಿದು ನಿಂತರು. "ಮೂರು ರಾತ್ರಿ ನಿದ್ದೆ ಮಾಡಿಲ್ಲ ಬದರಿನಾಥ್. ಬೈಯೋದಿದ್ರೆ ಬೈದುಬಿಡಿ."

ಕೆಳಗೆ ಕೊನೆಯ ಮೆಟ್ಟಿಲ ಮೇಲೆ ತಂಗೆವ್ವ ಕುಸಿದು ಕೂತಿದ್ದಳು.

"ನಿಮ್ಮನ್ನ ನಾನ ಕೊಂದ್ನಿರಿ," ಎನ್ನುತ್ತಿದ್ದಳು.

"ಇನ್ನೂ ಅದೀನಲ್ಲ," ಎಂದ ಮೌನೇಶ. ಅವಳ ರಟ್ಟೆಗೆ ಕೈ ಹಾಕಿ ಎಬ್ಬಿಸಲು ನೋಡಿದ, ಒಂದೇ ಸಲಕ್ಕೆ ಆಗಲಿಲ್ಲ. ಅವಳ ಪಕ್ಕದಲ್ಲೇ ಕೂತುಬಿಟ್ಟ.