ಬಾಕ್ಸಿಗೆ ಕಂಡ ಎರಡನೇ ಹಾಡು

“ಏ ಸಂಘ್ಯಾ, ನಿನ್ನ ಪೆನ್‌ಡ್ರೈವಿಗಿ ರೋಗ ಬಂದದ! ನಮ್ಮ ಬಾಕ್ಸಿಗಿ ಮುಟ್ಟಸಬ್ಯಾಡ!”

ಸಿದ್ದಲಿಂಗೇಶ ಪೆನ್‌ಡ್ರೈವನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ ತೋರಿಸಿದ. ಹಾಡು ಹಚ್ಚುವ ಸ್ಪೀಕರ್ ಬಾಕ್ಸ್ ಅವನ ಮನೆಯದು; ಪೆನ್‌ಡ್ರೈವ್ ಹಾಕಿದರೆ ಅದು ಹಾಡಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ಪ್ರ್ಯಾಕ್ಟೀಸಿಗೆ ನಿಂತಿದ್ದ ಹುಡುಗರೆಲ್ಲ ಹೋ ಎಂದು ನಕ್ಕರು.

ಸಂಘಪಾಲನ ಕಿವಿ ಕಾದ ಹಂಚಾಯಿತು. ಪೆನ್‌ಡ್ರೈವಿನಲ್ಲಿದ್ದದ್ದು ಅಜ್ಜಿ ಹಣಮವ್ವನ ಹಾಡು. ತೊಗರಿ ಕೊಯ್ಯುವಾಗ ಹಾಡುವ ಹಾಡು. ಕಾಳಗಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಭೀಮಶ್ಯಾ ಮಾಮಾ ರೆಕಾರ್ಡ್ ಮಾಡಿಕೊಟ್ಟಿದ್ದ. ಸಂಜೆ ಆ ಹಾಡಿಗೇ ಸಂಘಪಾಲ, ಲುಂಬಿನಿ, ಮಹೆವಿಶ ಕುಣಿಯಬೇಕು. ಅಜ್ಜಿ ಮುಂದೆಯೇ ಕೂತಿರುತ್ತಾಳೆ. ಹಾಡಿಲ್ಲದಿದ್ದರೆ ಡ್ಯಾನ್ಸೂ ಇಲ್ಲ.

“ವೈರಸ್ ಅದ ಟೀಚರ್. ಫಾರ್ಮ್ಯಾಟ್ ಹೊಡೀರಿ,” ಎಂದ ಸಿದ್ದಲಿಂಗೇಶ.

“ಬ್ಯಾಡ್ರಿ! ಹಾಡು ಹೋಗ್ತದ್ರಿ!” ಸಂಘಪಾಲ ಕೂಗಿದ.

ಪೂನಮ್ ಟೀಚರ್ ಅದನ್ನು ಲ್ಯಾಪ್‌ಟಾಪಿಗೆ ಹಾಕಿದರು. “ಇರೋದು ಒಂದೇ ಹಾಡು. ಛಲೋನೇ ಬರ್ಲಿಕತ್ತದಲ್ಲ?”

ಮತ್ತೆ ಬಾಕ್ಸಿಗೆ ಹಾಕಿದರೆ ಗಪ್‌ಚುಪ್. ಸಂಘಪಾಲ ಬಗ್ಗಿ ಬಾಕ್ಸಿನ ಮೇಲೆ ಹಾಡಿನ ಲೆಕ್ಕ ತೋರಿಸುವ ಕೆಂಪು ಅಂಕಿ ನೋಡಿದ.

“ಟೀಚರ್, ಲ್ಯಾಪ್‌ಟಾಪ್ ಒಂದು ಅಂತದ. ಬಾಕ್ಸ್ ಎರಡು ಅಂತದ. ಇನ್ನೊಂದು ಎಲ್ಲಿ ಅಡಗಿ ಕುಂತದ್ರಿ?”

ಟೀಚರ್ ಹುಬ್ಬೇರಿಸಿ, ಪೆನ್‌ಡ್ರೈವನ್ನು ತಿರುಗಿ ಲ್ಯಾಪ್‌ಟಾಪಿಗೆ ಹಾಕಿ, ಅಡಗಿದ ಫೈಲುಗಳನ್ನು ತೋರಿಸುವ ಕಡೆ ಒತ್ತಿದರು. ಮಬ್ಬಾಗಿ ಇನ್ನೊಂದು ಎದ್ದು ಬಂತು. ಅದೇ ಹೆಸರು. ಹೆಸರಿನ ಮೊದಲಿಗೆ ಮಾತ್ರ ಒಂದು ಚುಕ್ಕಿ, ಒಂದು ಗೆರೆ. ಗಾತ್ರವೋ, ಇರುವೆಯಷ್ಟು.

ಸಂಘಪಾಲ ಟೀಚರ್ ಫೋನಿಂದ ಮಾಮಾನಿಗೆ ಹಚ್ಚಿ ಕಂಡದ್ದೆಲ್ಲ ಹೇಳಿದ.

“ವೈರಸ್ ಅಲ್ಲೋ ಹುಚ್ಚಪ್ಪ!” ಮಾಮಾ ನಕ್ಕ. “ನನ್ನ ಕಂಪ್ಯೂಟರ್ ಬ್ಯಾರೆ ಥರದ್ದು. ಯಾವ ಫೈಲ್ ಕಾಪಿ ಮಾಡಿದ್ರೂ ತನ್ನ ನೆನಪಿಗಿ ಒಂದು ಗುರ್ತು ಬಾಜೂಕ ಇಡ್ತದ. ನಿಮ್ಮ ಬಾಕ್ಸ್ ಅದನ್ನೇ ಹಾಡಂತ ತಿಳ್ಕೊಂಡು ಬಾಯಿ ಬಿಟ್ಕೊಂಡು ಕುಂತದ. ಅಳಸು. ಹಾಡಿಗಿ ಏನೂ ಆಗಂಗಿಲ್ಲ.”

ಸಂಘಪಾಲ ಹೆಸರನ್ನು ಎರಡು ಸಲ ಓದಿದ. ಚುಕ್ಕಿ ಇದ್ದದ್ದನ್ನೇ ನೋಡಿ ಅಳಿಸಿದ.

ಪೆನ್‌ಡ್ರೈವ್ ಮತ್ತೆ ಹಾಕಿದಾಗ ಬಾಕ್ಸ್ ಒಮ್ಮೆ ಕರಕ್ ಎಂದಿತು. ಆಮೇಲೆ ಹಣಮವ್ವನ ಒರಟು ದನಿ ಶಾಲೆಯ ಅಂಗಳದ ತುಂಬ ಹರಡಿತು. ಮಹೆವಿಶಳ ಕಾಲು ಆಗಲೇ ತಾಳ ಹಾಕತೊಡಗಿತ್ತು.

“ರೋಗ ಹೋಯ್ತೇನೋ ಸಂಘ್ಯಾ?” ಎಂದ ಸಿದ್ದಲಿಂಗೇಶ. ಈ ಸಲ ಯಾರೂ ನಗಲಿಲ್ಲ.

ಉತ್ತರ ಸಂಘಪಾಲನ ನಾಲಿಗೆಯ ತುದಿಗೇ ಬಂದಿತ್ತು. ರೋಗ ಯಾವಾಗ ಇತ್ತು? ಬಾಕ್ಸಿಗೆ ತಿಳಿದಿರಲಿಲ್ಲ, ಅಷ್ಟೆ. ಈಗ ಅದೇ ಬಾಕ್ಸಿನೊಳಗಿಂದ ಅಜ್ಜಿ ಗಂಟಲು ಬಿಚ್ಚಿ ಹಾಡುತ್ತಿದ್ದಳು.

ಸಂಘಪಾಲ ಸಿದ್ದಲಿಂಗೇಶನನ್ನು ಒಮ್ಮೆ ನೋಡಿದ. ಆಮೇಲೆ ತಿರುಗಿ, ಲುಂಬಿನಿಯ ಪಕ್ಕದಲ್ಲಿ ಖಾಲಿ ಇದ್ದ ತನ್ನ ಜಾಗದತ್ತ ನಡೆದ.