ಹಲಗೆ ನುಂಗಿದ ಸದ್ದು

ಪೆಲ್ಕಿ ಹಲಗೆಯ ಮೂತಿಯನ್ನು ಕಣಿವೆಯ ಕಡೆಗೆ ತಿರುಗಿಸಿದಳು. ಮೇಲ್ಗಡೆ ಮೊಣಕಾಲುದ್ದದ ಹೊಸ ಹಿಮ, ಜರಡಿ ಹಿಡಿದ ಹಿಟ್ಟಿನಷ್ಟು ಹಗುರ. ಅದು ಮುಗಿದಲ್ಲಿ ಗಾಳಿ ಬಡಿದು ಗಟ್ಟಿಯಾದ ತೊಗಟೆ, ಆಮೇಲೆ ನೀಲಿ ಮಂಜುಗಡ್ಡೆ, ಕೊನೆಗೆ ಬಿಸಿಲಿಗೆ ಕರಗಿದ ರಾಡಿ. ನಾಲ್ಕನ್ನೂ ಅವಳು ಒಂದೇ ವೇಗದಲ್ಲಿ ದಾಟಿ ಬಂದು ಅಪ್ಪ ರಿಗ್ಜಿನ್‌ನ ಮುಂದೆ ನಿಂತಳು. ಉಸಿರು ಕೂಡ ಏರಿರಲಿಲ್ಲ.

ಅದು ೨೦೬೧ರ ಫೆಬ್ರವರಿ, ಲಾಹೌಲ್ ಕಣಿವೆ. ಅವಳು ನಿಂತಿದ್ದ ಹಿಮಹಲಗೆಯ, ಅಂದರೆ ಸ್ನೋಬೋರ್ಡಿನ, ಹೆಸರು ಸಮಪಾದ. ಸುಮಾರು ಐದಡಿ ಉದ್ದದ ಇಂಥ ಹಲಗೆಗಳು ಹಿಂದೆ ಮೆತ್ತನೆಯ ಹಿಮದಲ್ಲಿ ತೇಲುತ್ತಿದ್ದವು, ಮಂಜುಗಡ್ಡೆ ಸಿಕ್ಕರೆ ಸವಾರನ ಹಲ್ಲು ಕಟಕಟಿಸುವಂತೆ ನಡುಗುತ್ತಿದ್ದವು. ಬೆಂಗಳೂರಿನ ವಿಜ್ಞಾನಿ ಡಾ. ನಾಚಪ್ಪ ಹಲಗೆಯ ಅಡಿಗೆ ಲಕ್ಷಾಂತರ ಸ್ಫಟಿಕದ ಕಣಗಳನ್ನು ಹೊದಿಸಿದರು. ಅದುಮಿದರೆ ವಿದ್ಯುತ್ತು ಹೊಮ್ಮಿಸುವ, ವಿದ್ಯುತ್ತು ಹರಿಸಿದರೆ ಬಿಗಿಯಾಗುವ ಕಣಗಳು. ಹಿಮದ ಪ್ರತಿ ಕಂಪನವನ್ನೂ ಅವು ಗುರುತಿಸಿ, ಎದುರು ಕಂಪನ ಹುಟ್ಟಿಸಿ ಅಳಿಸಿಬಿಡುತ್ತಿದ್ದವು. ಹದಿನಾಲ್ಕು ವರ್ಷಗಳಲ್ಲಿ ಹಳೆಯ ಹಲಗೆಗಳು ಗುಜರಿ ಸೇರಿದವು. ಎಂದೂ ಹಿಮ ಕಾಣದವರು ಕೂಡ ಎರಡೇ ದಿನದಲ್ಲಿ ಶಿಖರದಿಂದ ಇಳಿಯತೊಡಗಿದರು.

ಹೋದ ಚಳಿಗಾಲದಲ್ಲಿ ಹಾಗೆ ಇಳಿದ ಇಬ್ಬರು ಹಿಮಕುಸಿತದಲ್ಲಿ ಹೂತುಹೋದರು. ಅಂದಿನಿಂದ ನಾಚಪ್ಪನವರಿಗೆ ನಿದ್ದೆಯಿಲ್ಲ. ಹೊಸ ಹಿಮದ ಹಾಸಿನಡಿ ಕೆಲವೊಮ್ಮೆ ಸಕ್ಕರೆಯಂಥ ಸಡಿಲ ಹಳೆಯ ಹಿಮವಿರುತ್ತದೆ. ಮೇಲೆ ಭಾರ ಬಿದ್ದು ಆ ಪದರ ಕುಸಿದಾಗ ಕಾಲಿಗೆ 'ಧುಮ್' ಎಂದು ಬಡಿಯುತ್ತದೆ. ಬೆಟ್ಟ ಕೊಡುವ ಕಡೆಯ ಎಚ್ಚರಿಕೆ ಅದೇ. ಸಮಪಾದ ಅದನ್ನೂ ಅಳಿಸಿಹಾಕಿತ್ತು. ಅದೊಂದು ಕಂಪನವನ್ನು ಮರಳಿ ಬಿಟ್ಟುಕೊಡುವ ಹಲಗೆಯನ್ನು ಹೊತ್ತು ನಾಚಪ್ಪ ಬೆಂಗಳೂರಿನಿಂದ ಬಂದಿದ್ದರು.

"ಅವಳಿಗೆ ಏನೂ ಹೇಳಬೇಡಿ ರಿಗ್ಜಿನ್," ಎಂದರು ನಾಚಪ್ಪ, ಪೆಲ್ಕಿ ಆ ಹಲಗೆಯನ್ನು ಹೊತ್ತು ಮೇಲೆ ಹೋದ ಮೇಲೆ. "ಏನು ಬದಲಾಗಿದೆ ಅಂತ ಮೊದಲೇ ಹೇಳಿದರೆ ಪರೀಕ್ಷೆಗೆ ಅರ್ಥವಿಲ್ಲ."

"ಅದನ್ನೇನ್ ಹೇಳೂದ್ರಿ ಸರ್? ಧುಮ್ ಅಂದ್ರ ಯಾರ ಕಾಲಿಗಾದ್ರೂ ತಿಳೀತೈತಿ," ಎಂದ ರಿಗ್ಜಿನ್. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ, ಗಡಿ ಪಡೆಯಲ್ಲಿ ಇಪ್ಪತ್ತು ವರ್ಷ ಹಿಮ ತುಳಿದವನು. ಸಮಪಾದದ ಮೊದಲ ಪರೀಕ್ಷೆಗಳಲ್ಲೂ ಅವನಿದ್ದ. ಹಿಂದೆಲ್ಲ ಇಳಿಯುವ ಮೊದಲು ಗುಂಡಿ ತೋಡಿ ಪದರ ನೋಡುತ್ತಿದ್ದ. ಈಗ ಯಾರೂ ತೋಡುವುದಿಲ್ಲ. ಹವಾಮಾನದ ಪರದೆ ಅಂದು ಬೆಳಿಗ್ಗೆ ಅಪಾಯವಿಲ್ಲವೆಂದು ಹಸಿರು ತೋರಿಸಿತ್ತು, ಅಷ್ಟು ಸಾಕಾಗಿತ್ತು.

ಪೆಲ್ಕಿ ಪಕ್ಕದ ಇಳಿಜಾರಿನ ನಡುವೆ ತಟ್ಟನೆ ನಿಂತಳು. ರೇಡಿಯೊದಲ್ಲಿ ಅವಳ ದನಿ ನಗುತ್ತಿತ್ತು.

"ಅಂಕಲ್, ನಿಮ್ಮ ಹಲಗಿ ಕೆಟ್ಟೈತಿ ನೋಡ್ರಿ. ಕಾಲಾಗ ಏನೋ ಗುದ್ದಿಧಂಗಾತು. ಹಿಂಗ ಯಾವತ್ತೂ ಆಗಿಲ್ಲ."

ಹತ್ತನೆಯ ವಯಸ್ಸಿನಿಂದ ಅವಳು ಸಮಪಾದದ ಮೇಲೇ ಬೆಳೆದವಳು. ಆ ಕಾಲಿಗೆ ಧುಮ್ ಎಂದರೇನೆಂದು ಗೊತ್ತಿರಲಿಲ್ಲ. ರಿಗ್ಜಿನ್ ನಾಚಪ್ಪನವರ ಕೈಯಿಂದ ರೇಡಿಯೊ ಕಿತ್ತುಕೊಂಡ.

"ಪೆಲ್ಕಿ, ಅಲ್ಲಾಡಬ್ಯಾಡ! ಅಲ್ಲೇ ನಿಂದ್ರು!"

"ತಡೀ ಅಪ್ಪಾ, ಸರಿ ಮಾಡ್ತೀನಿ."

ಸಮಪಾದ ಹಟ ಮಾಡಿದರೆ ನಿಂತಲ್ಲೇ ಎರಡು ಸಲ ಜೋರಾಗಿ ಕುಪ್ಪಳಿಸಬೇಕು, ಕಣಗಳು ಮತ್ತೆ ಹೊಂದಿಕೊಳ್ಳುತ್ತವೆ. ಎಲ್ಲ ಸವಾರರಿಗೂ ಅದು ಅಭ್ಯಾಸ. ಅವಳು ಒಂದು ಸಲ ಕುಪ್ಪಳಿಸಿದಳು. ಎರಡನೆಯದಕ್ಕೆ ಅವಳ ಮೇಲ್ಗಡೆ ಇಳಿಜಾರಿನ ಉದ್ದಕ್ಕೂ ಬಿರುಕು ಬಿಟ್ಟಿತು, ಇಡೀ ಹಿಮದ ಹಾಸು ಕೆಳಕ್ಕೆ ಜಾರಿತು.

ಹಿಮವನ್ನು ಅಗೆದು ಅವಳನ್ನು ಹೊರಗೆ ತೆಗೆಯಲು ಐವತ್ತು ನಿಮಿಷ ಬೇಕಾಯಿತು. ಹದಿನೈದು ನಿಮಿಷ ದಾಟಿದರೆ ಆಸೆ ಇಟ್ಟುಕೊಳ್ಳಬಾರದೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಗೆದರು. ನಾಚಪ್ಪ ಗಟ್ಟಿಯಾಗಿ ಅಳುತ್ತಲೇ ಅಗೆದರು. ರಿಗ್ಜಿನ್ ಅಳಲಿಲ್ಲ.

ಮೂರನೆಯ ದಿನ ಅವನ ಮನೆಯ ಒಲೆಯ ಮುಂದೆ ನಾಚಪ್ಪ ತಲೆ ತಗ್ಗಿಸಿ ಕೂತರು. "ನನ್ನನ್ನು ಬೈಯಿರಿ," ಎಂದರು.

"ಬೈದ್ರ ಏನ್ ಬರತೈತ್ರಿ? ಒಂದ್ ಹೇಳ್ರಿ. ಆ ಸದ್ದು ತಗೀಬೇಕಂತ ಹಲಗಿಗೆ ಹೇಳಿದವ್ರು ಯಾರು?"

"ಯಾರೂ ಹೇಳಲಿಲ್ಲ," ಎಂದರು ನಾಚಪ್ಪ. " ಅದು ತಾನೇ ಕಲಿತಿತು. ಮೊದಲ ಪರೀಕ್ಷೆಯಲ್ಲಿ ನಲವತ್ತು ಸವಾರರಿಗೆ ಒಂದೊಂದೇ ಕಂಪನ ಕೊಟ್ಟು, ಎಷ್ಟು ಹಿತವಾಗಿತ್ತು ಅಂತ ಅಂಕ ಹಾಕಿಸಿದ್ದೆವು. ಕಡಿಮೆ ಅಂಕ ಬಂದದ್ದನ್ನೆಲ್ಲ ಅಳಿಸಲು ಅದಕ್ಕೆ ಕಲಿಸಿದೆವು. ಧುಮ್‌ಗೆ ಎಲ್ಲಕ್ಕಿಂತ ಕಡಿಮೆ ಬಂದಿತ್ತು."

ರಿಗ್ಜಿನ್ ಒಲೆಯನ್ನೇ ನೋಡುತ್ತಿದ್ದ.

"ನಾನೂ ಸೊನ್ನಿ ಹಾಕಿದ್ದೆ," ಎಂದ. "ಅದನ್ನ ಕೇಳಿದ್ರ ನನಗ ಜೀವಾನಽ ಹೋಗತಿತ್ರಿ. ಹಿತ ಅನಸ್ತೇನು ಅಂತ ಕೇಳಿದ್ರಿ, ಸೊನ್ನಿ ಹಾಕಿದೆ. ಇದು ಬೇಕೇನು ಅಂತ ನೀವು ಕೇಳಲೇ ಇಲ್ಲಲ್ರಿ, ಸರ್."

ಆ ಪ್ರಶ್ನಾವಳಿಯನ್ನು ನಾಚಪ್ಪ ಹೊಸದಾಗಿ ಕಂಡುಹಿಡಿದಿರಲಿಲ್ಲ. ಈ ಶತಮಾನದ ಮೊದಲ ದಶಕಗಳಲ್ಲಿ ಜನ ಊಟಕ್ಕೆ, ಪಾಠಕ್ಕೆ, ವೈದ್ಯರ ಮಾತಿಗೆ ಕೂಡ ಬೆರಳ ತುದಿಯಲ್ಲಿ ಹಾಕುತ್ತಿದ್ದ ಮೆಚ್ಚಿಗೆಯ ನಕ್ಷತ್ರಗಳನ್ನೇ ಅವರು ಹಾಗೆಯೇ ಎತ್ತಿಕೊಂಡಿದ್ದರು.