ರಾಜಕುಮಾರಿಯ ಬಿದ್ದ ಹಲ್ಲು

ಬಾಗಿಲೊಳಗೆ ಹೊಕ್ಕಾಗ ರಾಜಕುಮಾರಿಗೆ ಮುಂದಿನ ಹಲ್ಲಿತ್ತು, ಹೊರಬಂದಾಗ ಇರಲಿಲ್ಲ.

ಅದು ಚಿತ್ರದ ಕೊನೆಯ ದೃಶ್ಯ. ನಮ್ಮ ಕಾಲಕ್ಕೆ ಬಂದು ಸಿಕ್ಕಿಕೊಂಡ ಹುಡುಗಿ ಒಂದು ಅಡುಗೆಮನೆಯ ಬಾಗಿಲು ದಾಟಿ ತನ್ನ ಅರಮನೆಗೆ ಮರಳಬೇಕು. ಕಥೆಯಲ್ಲಿ ಅದಕ್ಕೆ ಒಂದು ಕ್ಷಣ ಸಾಕು. ಚಿತ್ರೀಕರಣದಲ್ಲಿ ಆ ಕ್ಷಣದ ನಡುವೆ ಒಂದು ವಾರ ಕಳೆದಿತ್ತು, ಹಲ್ಲು ಬಿದ್ದಿತ್ತು.

ಹಿಂದಿನ ದೃಶ್ಯಕ್ಕೆ ಮುಂದಿನದು ಹೊಂದುವಂತೆ ನೋಡಿಕೊಳ್ಳಲು ಚಿತ್ರತಂಡದಲ್ಲಿ ಒಬ್ಬ ಯುವತಿ ಇದ್ದಳು. ಸೆಟ್ಟಿನಲ್ಲಿ ಎಲ್ಲರೂ ಆಕೆಯನ್ನು ಕಂಟಿನ್ಯುಟಿ ಎಂದೇ ಕರೆಯುತ್ತಿದ್ದರು. ಹೊಂದದ್ದನ್ನು ಕಂಡರೆ ಆಕೆಗೆ ಕಣ್ಣಿಗೆ ಕಸ ಬಿದ್ದಂತಾಗುತ್ತಿತ್ತು.

ಮೇಕಪ್ಪಿನವನು ಕೃತಕ ಹಲ್ಲೊಂದನ್ನು ಮಾಡಿದ್ದ. ಅದು ನಿಲ್ಲುತ್ತಿರಲಿಲ್ಲ. ಒಮ್ಮೆ ಮಹಾರಾಜನ ಗಡ್ಡಕ್ಕೆ ಹಾರಿತು. ಇನ್ನೊಮ್ಮೆ ಸಿಂಹಾಸನದ ಕೆಳಗೆ ಉರುಳಿ, ಮಂತ್ರಿಗಳು ಮಂಡಿಯೂರಿ ಹುಡುಕಬೇಕಾಯಿತು. ಪ್ರತಿ ಸಲವೂ ಆಕೆ ಹಲ್ಲನ್ನು ಅಂಗೈಯಲ್ಲಿ ಹಿಡಿದು, ಹುಡುಗಿಯನ್ನು ಎಳೆದುಕೊಂಡು ಮೇಕಪ್ ಕೋಣೆಗೆ ನಡೆಯಬೇಕು. ಸಂಜೆಗೆ ಬಡಗಿಗಳು ಅರಮನೆ ಕಳಚಲಿದ್ದರು. ಮರುದಿನ ಆಕೆ ಬೇರೆ ಊರಿಗೆ, ಬೇರೆ ಚಿತ್ರಕ್ಕೆ ಹೊರಡುವವಳು. ಅದು ಮೇಕಪ್ಪಿನವನಿಗೂ ಗೊತ್ತಿತ್ತು.

"ಮತ್ತೆ ಬಿತ್ತಾ?" ಎಂದ ಆತ, ಕನ್ನಡಿಯಲ್ಲೇ ಆಕೆಯನ್ನು ನೋಡಿ.

"ಇಲ್ಲ, ನಿಮ್ಮ ಮುಖ ನೋಡಿ ಹೋಗೋಣ ಅಂತ ಬಂದೆ."

ಆತನ ಕುಂಚ ಅರೆಗಳಿಗೆ ನಿಂತಿತು. "ಹೇಗಿದೆ?"

"ಕಿವಿ ಮೇಲೆ ಪೌಡರ್ ಇದೆ. ನಿನ್ನೆನೂ ಇತ್ತು."

"ಹಾಗಾದ್ರೆ ಕಂಟಿನ್ಯುಟಿ ಸರಿಯಾಗೇ ಇದೆ."

ಆಕೆ ನಗಲಿಲ್ಲ, ನಗು ಬಾರದಂತೆ ತುಟಿ ಕಚ್ಚಿದ್ದನ್ನು ಮಾತ್ರ ಕನ್ನಡಿ ತೋರಿಸಿತು. ಹಲ್ಲು ಸೀಮೆಸುಣ್ಣದಂತಿದೆ, ಬಣ್ಣ ಬದಲಾಗಬೇಕು ಎಂದು ಗದರಿದಳು. ಆತ ಬಣ್ಣ ಕಲಸತೊಡಗಿದ. ಬಾಯಿ ತೆರೆದುಕೊಂಡು ಕೂತಿದ್ದ ರಾಜಕುಮಾರಿಗೆ ಸಾಕುಸಾಕಾಗಿತ್ತು.

"ಅಣ್ಣಾ, ಬೆಳಗ್ಗೆ ರಿಹರ್ಸಲ್‌ಗೆ ಹಾಕಿದ್ಯಲ್ಲ, ಆ ನೀಲಿ ಟ್ಯೂಬಿನ ಅಂಟು ಹಾಕು. ಅದು ಬೀಳಲೇ ಇಲ್ಲ. ಆಮೇಲಿಂದ ಬರೀ ನೀರುನೀರು ಹಾಕ್ತಿದ್ದೀಯ."

ಅಷ್ಟು ಹೇಳಿ, ಹಲ್ಲೇ ಬೇಡ ಎಂದು ತನ್ನ ಸೋದರಮಾವನಿಗೆ ಹೇಳುವುದಾಗಿ ಕುರ್ಚಿಯಿಂದಿಳಿದು ಓಡಿದಳು. ಆ ಸೋದರಮಾವನೇ ಚಿತ್ರದ ನಿರ್ದೇಶಕ.

ನೀಲಿ ಟ್ಯೂಬು ಕನ್ನಡಿಯ ಹಿಂದಿತ್ತು. ಮೇಕಪ್ಪಿನವನ ಮುಖಕ್ಕೆ ಬಣ್ಣ ತಾನಾಗಿಯೇ ಏರಿತು.

"ಗೊತ್ತು," ಎಂದಳು ಆಕೆ. "ಎರಡನೇ ಸಲ ಬಿದ್ದಾಗಲೇ ನೋಡಿದೆ."

"ಮತ್ತೆ ಬೈತಾನೇ ಇದ್ರಲ್ಲ?"

"ಬೈಯೋದಕ್ಕಾದ್ರೂ ಬರಬೇಕಿತ್ತಲ್ಲ." ಆಕೆ ನೀಲಿ ಟ್ಯೂಬನ್ನು ಎಳೆದು ಆತನ ಮುಂದೆ ಕುಕ್ಕಿದಳು. "ಬಣ್ಣ ಮೊದಲೇ ಸರಿಯಿತ್ತು. ಹೊರಗೆ ಯೂನಿಟ್ಟೆಲ್ಲ ಕಾಯ್ತಿದೆ, ನಿರ್ದೇಶಕರು ತಲೆ ಚಚ್ಚಿಕೊಳ್ತಿದ್ದಾರೆ. ಒಂದು ಮಾತು ಬಾಯಿಬಿಟ್ಟು ಹೇಳೋಕೆ ನಿಮಗೆ ಇನ್ನೆಷ್ಟು ಹಲ್ಲು ಬೀಳಬೇಕು?"

ಆತ ಕುಂಚ ಕೆಳಗಿಟ್ಟ.

"ಹೋಗಬೇಡಿ ಅನ್ನಲ್ಲ. ಕೆಲಸ, ಹೋಗಿ. ಆದರೆ ಮುಗಿದ ಮೇಲೆ ನನ್ನ ಹತ್ರ ಬನ್ನಿ. ಬೈಯೋಕೇ ಬನ್ನಿ. ಜೀವನಪೂರ್ತಿ ಬೈಯಿರಿ."

ಆಕೆ ಆತನ ಕಿವಿಯ ಮೇಲಿನ ಪೌಡರನ್ನು ಹೆಬ್ಬೆರಳಿನಿಂದ ಒರೆಸಿದಳು. ಅದು ಪೂರ್ತಿ ಹೋಗಲಿಲ್ಲ. ಅದಕ್ಕಾಗಿ ಇನ್ನಷ್ಟು ಹತ್ತಿರ ಬರಬೇಕಾಯಿತು.

ಆಕೆ ಸೆಟ್ಟಿಗೆ ಮರಳಿದಾಗ ನಿರ್ದೇಶಕ ಸೋತ ದನಿಯಲ್ಲಿ, ಹಲ್ಲಿಲ್ಲದೆಯೇ ತೆಗೆದರೆ ನಡೆದೀತೇ ಎಂದು ಕೇಳಿದ. ಬೈಗುಳ ಕೇಳಲು ಎಲ್ಲರೂ ಸಿದ್ಧರಾದರು.

"ನಡೆಯುತ್ತೆ," ಎಂದಳು ಕಂಟಿನ್ಯುಟಿ. "ಅಷ್ಟು ಕಾಲ ದಾಟಿ ಬಂದವಳು ಹೋದ ಹಾಗೇ ಬರಬೇಕು ಅಂತ ಏನಿದೆ?"

ಮಹಾರಾಜನೂ ಗಡ್ಡ ಸರಿಪಡಿಸುವುದನ್ನು ಬಿಟ್ಟು ಆಕೆಯತ್ತ ನೋಡಿದ. ರಾಜಕುಮಾರಿ ಮಾತ್ರ ಹತ್ತಿರ ಬಂದು, ಕತ್ತೆತ್ತಿ ಪರೀಕ್ಷಿಸಿ, ಮಾವನ ಅಂಗಿ ಜಗ್ಗಿದಳು.

"ಮಾವಾ, ಒಳಗೆ ಹೋಗುವಾಗ ಅಕ್ಕನ ಕೆನ್ನೆ ಮೇಲೆ ಪೌಡರ್ ಇರಲಿಲ್ಲ."